ಹೈಬ್ರಿಡ್ ಕಾರಿನ ಸಣ್ಣ ಬ್ಯಾಟರಿ ಮುನ್ಸೂಚನೆ ಕೊಡುವುದಿಲ್ಲ

ಸಂಪಾದಕರಿಗೆ,

ಹೈಬ್ರಿಡ್ ಕಾರು ಕೊಂಡವರಲ್ಲಿ ಬಹಳಷ್ಟು ಜನ ‘ಬ್ಯಾಟರಿಗೆ ಎಂಟು ವರ್ಷ ವಾರಂಟಿ ಇದೆ’ ಎಂದು ನೆಮ್ಮದಿಯಾಗಿರುತ್ತಾರೆ. ಟೊಯೊಟಾ, ಮಾರುತಿ ಕಂಪನಿಗಳು ಕೊಡುವ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಹೈವೋಲ್ಟೇಜ್ ಬ್ಯಾಟರಿಗೆ ಮಾತ್ರ. ಅದೇ ಕಾರಿನಲ್ಲಿ ಮಾಮೂಲಿ ಸೀಸ-ಆಮ್ಲದ 12 ವೋಲ್ಟ್ ಬ್ಯಾಟರಿಯೂ ಒಂದಿದೆ. ಆ ಎಂಟು ವರ್ಷಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಹವೆಗೆ ಇದರ ಆಯಸ್ಸು ಮೂರರಿಂದ ಐದು ವರ್ಷ. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ನಿಲ್ಲುವ ಕಾರಿಗೆ ಮೂರು ವರ್ಷ ಎಂದಿಟ್ಟುಕೊಳ್ಳಬೇಕು. ಬೆಂಗಳೂರು, ಮೈಸೂರಿನ ನೆರಳಲ್ಲಿದ್ದರೆ ಐದನ್ನೂ ಮುಟ್ಟೀತು. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಸವೆತವೂ ಅಷ್ಟೇ ಬೇಗ.

ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್, ಹೈರೈಡರ್, ಗ್ರ್ಯಾಂಡ್ ವಿಟಾರಾಗಳ ಸ್ಟ್ರಾಂಗ್ ಹೈಬ್ರಿಡ್ (ಎಂಜಿನ್ ಆರಿದ್ದರೂ ಮೋಟರಿನಿಂದ ಓಡಬಲ್ಲ) ಮಾದರಿಗಳಲ್ಲಿ ಈ 12 ವೋಲ್ಟ್ ಬ್ಯಾಟರಿಯನ್ನು ‘ಸ್ಟಾರ್ಟರ್ ಬ್ಯಾಟರಿ’ ಎಂದು ಕರೆಯುವುದು ರೂಢಿಯ ಮಾತಷ್ಟೇ. ಎಂಜಿನ್ ತಿರುಗಿಸುವುದು ಹೈವೋಲ್ಟೇಜ್ ಮೋಟರ್. ಸಣ್ಣ ಬ್ಯಾಟರಿ ಮಾಡುವುದು ಕಂಪ್ಯೂಟರುಗಳನ್ನು ಎಬ್ಬಿಸುವ, ಬ್ರೇಕ್ ವ್ಯವಸ್ಥೆಗೆ ಕರೆಂಟ್ ಕೊಡುವ, ದೊಡ್ಡ ಬ್ಯಾಟರಿಯ ರಿಲೇಗಳನ್ನು, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳನ್ನು, ಕೂಡಿಸುವ ಕೆಲಸ. ಇಷ್ಟಕ್ಕೆ ಹೆಚ್ಚು ಆಂಪಿಯರ್ ಬೇಡ. ಪೆಟ್ರೋಲ್ ಕಾರಿನ ಸ್ಟಾರ್ಟರ್ ಮೋಟರ್ ನೂರಾರು ಆಂಪಿಯರ್ ಎಳೆಯುವುದರಿಂದ ಬ್ಯಾಟರಿ ಸೋತರೆ ವಾರಗಟ್ಟಲೆ ಮೊದಲೇ ‘ಗುರ್... ಗುರ್...’ ಎಂದು ಗೊಣಗಿ ತಿಳಿಸುತ್ತದೆ. ಹೈಬ್ರಿಡ್‌ನಲ್ಲಿ ಆ ಗೊಣಗಾಟವಿಲ್ಲ. ಮುಕ್ಕಾಲು ಸತ್ತ ಬ್ಯಾಟರಿಯೂ ನಿನ್ನೆಯವರೆಗೆ ಕೆಲಸ ಮಾಡಿ ಇಂದು ಬೆಳಗ್ಗೆ ಕೈಕೊಡುತ್ತದೆ.

ಕೈಕೊಡುವ ರೀತಿಯೂ ದಾರಿ ತಪ್ಪಿಸುವಂಥದ್ದು. ಕಾರು ಓಡಲು ಸಿದ್ಧ ಎನ್ನುವ ‘ರೆಡಿ’ ದೀಪ ಹತ್ತುವುದಿಲ್ಲ, ಡಿಸ್ಪ್ಲೇ ಮಿನುಗುತ್ತದೆ, ರಿಲೇಗಳು ಟಕಟಕ ಅನ್ನುತ್ತವೆ, ಬ್ರೇಕಿನಿಂದ ಹೈಬ್ರಿಡ್ ಸಿಸ್ಟಂವರೆಗೆ ಎಲ್ಲ ಎಚ್ಚರಿಕೆ ದೀಪಗಳೂ ಒಟ್ಟಿಗೆ ಬೆಳಗುತ್ತವೆ. ‘ದೊಡ್ಡ ಬ್ಯಾಟರಿ ಹೋಯಿತು’, ‘ಇನ್ವರ್ಟರ್ ಸುಟ್ಟಿದೆ’ ಎಂಬ ಮಾತು ಹುಟ್ಟುವುದು ಆಗಲೇ. ಲಕ್ಷದ ಅಂದಾಜುಪಟ್ಟಿಗೆ ಸಹಿ ಹಾಕುವ ಮೊದಲು ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಹಿಡಿಯಬೇಕು.

ಪರೀಕ್ಷೆ ಮೂರು ಹಂತದ್ದು. ಕಾರು ಏಳೆಂಟು ಗಂಟೆ ನಿಂತ ಮೇಲೆ ಬಾನೆಟ್ ತೆಗೆದು, ಎಚ್ಚೆತ್ತ ಕಂಪ್ಯೂಟರುಗಳು ಮತ್ತೆ ಮಲಗಲು ಒಂದಷ್ಟು ಹೊತ್ತು ಬಿಟ್ಟು ಅಳೆಯಿರಿ. ಬ್ಯಾಟರಿ ಹಿಂದಿರುವ ಕಾರಾದರೆ ಬಾನೆಟ್ ಕೆಳಗಿನ ಫ್ಯೂಸ್ ಪೆಟ್ಟಿಗೆಯ ಕೆಂಪು ಮುಚ್ಚಳದ ಜಂಪ್ ಟರ್ಮಿನಲ್‌ನಲ್ಲಿ ಅಳೆಯಬಹುದು. 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ತುಂಬಿದೆ, ಎಜಿಎಂ (ಆಮ್ಲವನ್ನು ಗಾಜಿನ ನಾರಿನ ಹಾಳೆಯಲ್ಲಿ ಹೀರಿಸಿಟ್ಟ ಬ್ಯಾಟರಿ) ಆದರೆ 12.8ರ ಮೇಲಿರಬೇಕು. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. ಆಮೇಲೆ ಬ್ರೇಕ್ ತುಳಿಯದೆ ಪವರ್ ಗುಂಡಿಯನ್ನು ಎರಡು ಸಲ ಒತ್ತಿ, ಹೆಡ್‌ಲೈಟ್, ಬ್ಲೋವರ್ ಹಾಕಿ ಒಂದು ನಿಮಿಷ ನೋಡಿ. 12ರ ಆಸುಪಾಸಿನಲ್ಲಿ ನಿಂತರೆ ಸರಿ; ಚೆನ್ನಾಗಿ ಚಾರ್ಜ್ ಮಾಡಿದ ಮೇಲೂ 11.5ಕ್ಕಿಂತ ಕೆಳಗೆ ಜಾರಿದರೆ ಹೊಸದು ಹಾಕಿಸಿ. ಕೊನೆಗೆ ಬ್ರೇಕ್ ತುಳಿದು ‘ರೆಡಿ’ಗೆ ತನ್ನಿ, ಹೆಡ್‌ಲೈಟ್ ಉರಿಯುತ್ತಿರಲಿ. ಮೀಟರ್ ಸುಮಾರು 13.5ರಿಂದ 14.5 ತೋರಿಸಬೇಕು. 12.5ರಲ್ಲೇ ನಿಂತು ಇಳಿಯುತ್ತಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ದೊಡ್ಡ ಬ್ಯಾಟರಿಯ ವೋಲ್ಟೇಜ್ ಇಳಿಸಿ ಸಣ್ಣದನ್ನು ಚಾರ್ಜ್ ಮಾಡುವ ಡಿಸಿ-ಡಿಸಿ ಕನ್ವರ್ಟರ್ ಕಡೆಯದು. ಅಲ್ಲಿ ಹೊಸ ಬ್ಯಾಟರಿ ಹಾಕಿದರೆ ಅದೂ ಸಾಯುತ್ತದೆ.

ಈ ಬ್ಯಾಟರಿಯನ್ನು ಟ್ರಾಫಿಕ್ ಕೊಲ್ಲುವುದಿಲ್ಲ. ಸಿಲ್ಕ್ ಬೋರ್ಡ್‌ನಲ್ಲಿ ಗಂಟೆಗಟ್ಟಲೆ ನಿಂತರೂ, ಎಂಜಿನ್ ಆರಿದ್ದರೂ, ‘ರೆಡಿ’ ಇರುವಷ್ಟು ಕಾಲ ದೊಡ್ಡ ಬ್ಯಾಟರಿಯಿಂದ ಕನ್ವರ್ಟರ್ ಮೂಲಕ ಚಾರ್ಜ್ ಬರುತ್ತಲೇ ಇರುತ್ತದೆ. ಕೊಲ್ಲುವುದು ಸುಮ್ಮನೆ ನಿಲ್ಲಿಸುವುದು. ಲೆಕ್ಕ ಹಾಕಿ: ಬೀಗ ಹಾಕಿ ನಿಂತ ಕಾರು 30 ಮಿಲಿ ಆಂಪಿಯರ್ ಎಳೆಯಿತೆನ್ನೋಣ. ದಿನಕ್ಕೆ 0.72 ಆಂಪಿಯರ್-ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಅಳತೆ), ತಿಂಗಳಿಗೆ 21ಕ್ಕೂ ಹೆಚ್ಚು. ಹೊಸ 45 ಆಂಪಿಯರ್-ಅವರ್ ಬ್ಯಾಟರಿಗೆ ಇದು ಅರ್ಧ. ಸವೆದು 30ಕ್ಕೆ ಇಳಿದ ಬ್ಯಾಟರಿಗೆ ಹೆಚ್ಚುಕಡಿಮೆ ಮುಕ್ಕಾಲು. ಹಾಗೆ ಬರಿದಾಗಿ ಕೂತಷ್ಟೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗುತ್ತದೆ. ಮತ್ತೆ ಚಾರ್ಜ್ ಮಾಡಿದರೂ ಹಳೆಯ ಶಕ್ತಿ ಬರುವುದಿಲ್ಲ. ಪಾರ್ಕಿಂಗ್‌ನಲ್ಲೂ ಚಿತ್ರ ಹಿಡಿಯುವ ಡ್ಯಾಶ್‌ಕ್ಯಾಮ್ 250 ಮಿಲಿ ಆಂಪಿಯರ್ ಎಳೆದರೆ ದಿನಕ್ಕೆ 6 ಆಂಪಿಯರ್-ಅವರ್ ಹೋಯಿತು. ಸ್ಮಾರ್ಟ್ ಕೀಯನ್ನು ಕಾರಿನ ಪಕ್ಕದ ಗೋಡೆಗೆ ನೇತುಹಾಕುವುದೂ ಬೇಡ, ಕಾರು ಅದರೊಂದಿಗೆ ಮಾತಾಡುತ್ತಲೇ ಇರುತ್ತದೆ. ‘ರೆಡಿ’ ಮಾಡದೆ ಬರೀ ಆನ್‌ನಲ್ಲಿಟ್ಟು ಹಾಡು ಕೇಳುವುದು ಇವೆಲ್ಲಕ್ಕಿಂತ ಕೆಟ್ಟದ್ದು.

ವಾರಕ್ಕೊಮ್ಮೆ ಒಂದು ಗಂಟೆ ‘ರೆಡಿ’ಯಲ್ಲಿಟ್ಟರೆ ಸಾಕು, ಓಡಿಸಿದರೆ ಇನ್ನೂ ಒಳ್ಳೆಯದು. ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ಕೂಡದು. ಎಂಜಿನ್ ತಾನಾಗಿಯೇ ಚಾಲೂ ಆಗಿ ಹೊಗೆ ತುಂಬುತ್ತದೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಆರು ತಿಂಗಳು ಹೋಗುವವರು ನೆಗೆಟಿವ್ ಟರ್ಮಿನಲ್ ಬಿಚ್ಚಿಡುವುದುಂಟು. ಬ್ಯಾಟರಿ ಡಿಕ್ಕಿಯಲ್ಲಿದ್ದು ಡಿಕ್ಕಿ ವಿದ್ಯುತ್ತಿನಿಂದಲೇ ತೆರೆಯುವಂಥದ್ದಾದರೆ, ಮರಳಿ ಬಂದಾಗ ಅದು ತೆರೆಯುವುದೇ ಇಲ್ಲ. ಕೀಯೊಳಗಿನ ಲೋಹದ ಕೀಲಿಯಿಂದ ಚಾಲಕನ ಬಾಗಿಲು ತೆರೆದು, ಹಿಂದಿನ ಸೀಟು ಮಡಚಿ ತೂರಬೇಕು. ಹೋಗುವ ಮುನ್ನ ಒಮ್ಮೆ ತೂರಿ ನೋಡುವುದು ಲೇಸು.

ಬದಲಿಸುವಾಗ ಹಳೆಯದರ ಮೇಲಿನ ಸಂಕೇತವನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. 46ಬಿ24ಎಲ್ ಎಂದಿದ್ದರೆ 24 ಎಂಬುದು ಸೆಂಟಿಮೀಟರಿನಲ್ಲಿ ಉದ್ದ. ಎಲ್ ಅಥವಾ ಆರ್ ಟರ್ಮಿನಲ್ ಯಾವ ಕಡೆ ಎಂಬುದಕ್ಕೆ. ಅದು ತಪ್ಪಿದರೆ ಕೇಬಲ್ ಎಟುಕುವುದಿಲ್ಲ, ಎಟುಕಿಸಲು ಹೋದರೆ ಉಲ್ಟಾ ಆಗುತ್ತದೆ. ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್ (ಚಳಿಯಲ್ಲಿ ಎಂಜಿನ್ ತಿರುಗಿಸುವ ತಾಕತ್ತು) ಜಾಸ್ತಿ ಇದೆ ಎಂದು ದುಬಾರಿಯದನ್ನು ಮಾರುವವರ ಮಾತಿಗೆ ಇಲ್ಲಿ ಅರ್ಥವಿಲ್ಲ, ಬೇಕಾದದ್ದು ಆಂಪಿಯರ್-ಅವರ್. ಎರಡನೇ, ಮೂರನೇ ತಲೆಮಾರಿನ ಪ್ರಿಯಸ್‌ನಂತೆ ಬ್ಯಾಟರಿ ಹಿಂಭಾಗದಲ್ಲಿರುವ ಕಾರುಗಳಿಗೆ ಎಜಿಎಂ ಮಾದರಿಯೇ ಆಗಬೇಕು, ಗಾಳಿಕೊಳವೆಯನ್ನು ಮರೆಯದೆ ಸಿಕ್ಕಿಸಬೇಕು. ಅಗ್ಗವೆಂದು ಮಾಮೂಲಿ ನೀರಿನ ಬ್ಯಾಟರಿ ಕೂರಿಸಿದರೆ ಜಲಜನಕವೂ ಆಮ್ಲದ ಆವಿಯೂ ಸೇರುವುದು ನೀವು ಕೂರುವ ಜಾಗಕ್ಕೆ. ತಯಾರಿಕೆಯ ದಿನಾಂಕ ನೋಡಿ. ಅಂಗಡಿಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಕೂತಿದ್ದು ಬೇಡ. ವಾರಂಟಿ 30+30 ಎಂದಿದ್ದರೆ ಮೊದಲ 30 ತಿಂಗಳು ಮಾತ್ರ ಉಚಿತ ಬದಲಾವಣೆ, ಉಳಿದದ್ದು ಬರೀ ರಿಯಾಯಿತಿ. ಕಾರನ್ನು ಪೂರ್ತಿ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು, ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ.

ದಾರಿಯಲ್ಲಿ ನಿಂತರೆ ಜಂಪ್ ಕೊಡಬಹುದು. ಕೆಂಪು ಕೇಬಲ್ ಮೊದಲು ಸತ್ತ ಕಾರಿನ ಪಾಸಿಟಿವ್‌ಗೆ, ಮತ್ತೊಂದು ತುದಿ ಜೀವಂತ ಕಾರಿನ ಪಾಸಿಟಿವ್‌ಗೆ. ಕಪ್ಪು ಜೀವಂತ ಕಾರಿನ ನೆಗೆಟಿವ್‌ಗೆ, ಕೊನೆಯ ತುದಿ ಸತ್ತ ಕಾರಿನ ಬಣ್ಣವಿಲ್ಲದ ಲೋಹಕ್ಕೆ. ಐದು ನಿಮಿಷ ಬಿಟ್ಟು ಬ್ರೇಕ್ ತುಳಿದು ಗುಂಡಿ ಒತ್ತಿ. ಕೆಂಪು-ಕಪ್ಪು ಅದಲುಬದಲಾದರೆ ಮುಖ್ಯ ಫ್ಯೂಸ್ ಹೋಗುತ್ತದೆ, ದುರದೃಷ್ಟವಿದ್ದರೆ ಕನ್ವರ್ಟರೂ. ಪಕ್ಕದ ಮನೆಯ ಡೀಸೆಲ್ ಗಾಡಿಗೆ ನಿಮ್ಮ ಹೈಬ್ರಿಡ್‌ನಿಂದ ಜಂಪ್ ಕೊಡಲು ಹೋಗಬೇಡಿ. ಸ್ಟಾರ್ಟರ್ ಮೋಟರಿನ ಎಳೆತವನ್ನು ತಾಳುವಂತೆ ಇದರ ಕನ್ವರ್ಟರ್ ಕಟ್ಟಿಲ್ಲ.

ಮೋಟರ್ ಎಂಜಿನ್‌ಗೆ ಬರೀ ನೆರವು ಕೊಡುವ ಮೈಲ್ಡ್ ಹೈಬ್ರಿಡ್‌ಗೆ ಈ ಮಾತೆಲ್ಲ ಹಾಗೇ ಅನ್ವಯಿಸದು. ಅಲ್ಲಿ ಸಿಗ್ನಲ್ ಸಿಗ್ನಲ್‌ಗೂ ಎಂಜಿನ್ ಆರಿ ಹೊತ್ತುವುದರಿಂದ ಕಂಪನಿ ಹೇಳಿದ ಸ್ಟಾರ್ಟ್-ಸ್ಟಾಪ್ ದರ್ಜೆಯ ಬ್ಯಾಟರಿಯನ್ನೇ ಹಾಕಬೇಕು.

ಸರ್ವಿಸ್ ಸೆಂಟರುಗಳಿಗೆ ನಮ್ಮ ಕೋರಿಕೆ ಇಷ್ಟು: ಮೂರನೇ ವರ್ಷದಿಂದ ಪ್ರತಿ ಸರ್ವಿಸಿನ ಜಾಬ್ ಕಾರ್ಡಿನಲ್ಲಿ 12 ವೋಲ್ಟ್ ಬ್ಯಾಟರಿಯ ವಿಶ್ರಾಂತಿ ವೋಲ್ಟೇಜ್ ಮತ್ತು ಲೋಡ್ ವೋಲ್ಟೇಜ್ ಎರಡನ್ನೂ ಅಂಕಿಯಲ್ಲಿ ಬರೆಯಲಿ. ‘ಬ್ಯಾಟರಿ ಓಕೆ’ ಎಂಬ ಟಿಕ್ ಗುರುತನ್ನು ಗ್ರಾಹಕರೂ ಒಪ್ಪಬಾರದು.

– ವಾಹನ ವಿದ್ಯುತ್ ರಿಪೇರಿ ಕೆಲಸಗಾರರು, ತುಮಕೂರು