ಸೇಂಟ್ ಮೇರೀಸ್ ದ್ವೀಪ ಪ್ರವಾಸ: ಮಕ್ಕಳು ನೀರಿಗೆ ಇಳಿಯುವ ವಿಚಾರ

ಪ್ರಿಯ ಪೋಷಕರೇ,

ನಮಸ್ಕಾರ. ಒಂಬತ್ತನೇ ತರಗತಿಯ ಮಕ್ಕಳನ್ನು ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದೊಯ್ಯುವ ಪ್ರವಾಸದ ಸೂಚನೆ ಕೈಸೇರಿದ ಮೇಲೆ ಹಲವರು ಫೋನ್ ಮಾಡಿದ್ದೀರಿ, ಕೆಲವರು ಶಾಲೆಗೇ ಬಂದಿದ್ದೀರಿ. ಹೆಚ್ಚಿನವರದ್ದು ಒಂದೇ ಪ್ರಶ್ನೆ: ಘಟ್ಟ ಇಳಿದು ಸಮುದ್ರದ ತನಕ ಹೋಗಿ, ಮಕ್ಕಳನ್ನು ನೀರಿಗೆ ಬಿಡೋದಿಲ್ಲ ಅಂದ್ರೆ ಹೇಗೆ?

ಬೇಸರ ಸಹಜ. ನಮ್ಮ ತೀರ್ಥಹಳ್ಳಿ ಕಡೆಯ ಮಕ್ಕಳು ತುಂಗೆಯಲ್ಲಿ ಈಜಿ ಬೆಳೆದವರು. ಆದರೆ ಹೊಳೆಯ ನೀರೇ ಬೇರೆ, ಕಡಲ ನೀರೇ ಬೇರೆ. ಮೊಣಕಾಲುದ್ದ ನೀರಲ್ಲಿ ನಿಂತಿದ್ದರೂ, ಹಿಂದೆ ಸರಿಯುವ ಅಲೆ ಪಾದದಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ದ್ವೀಪದ ಅಂಚಿನ ಬಂಡೆಗಳಂತೂ ಪಾಚಿ ಕಟ್ಟಿ ಜಾರುತ್ತವೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಅಲೆಗೆ ಸಿಕ್ಕಿ ತೀರಿಕೊಂಡರು. ಅದನ್ನು ಓದಿದ ಮೇಲೂ ನಿಮ್ಮ ಮಕ್ಕಳನ್ನು ನೀರಿಗೆ ಬಿಡಲು ನನಗೆ ಧೈರ್ಯವಿಲ್ಲ.

"ಸುಮ್ನೆ ಕಾಲು ನೆನೆಸಿಕೊಂಡು ಬರಲಿ ಬಿಡಿ ಮೇಡಂ" ಎಂದರು ಒಬ್ಬ ತಾಯಿ. ಪ್ರೀತಿಯಿಂದಲೇ ಕೇಳಿದ್ದು. ಆದರೆ ಒಬ್ಬರು ಕಾಲಿಟ್ಟರೆ ಉಳಿದವರನ್ನು ದಡದಲ್ಲಿ ತಡೆದು ನಿಲ್ಲಿಸುವುದು ಆಗದ ಮಾತು. ಹಾಗಾಗಿ ಪಾದ ನೆನೆಸುವುದಕ್ಕೂ ಅನುಮತಿ ಇಲ್ಲ. ಪೋಷಕರು ಜೊತೆಗೆ ಬಂದರೂ ಅಷ್ಟೇ.

ಮಕ್ಕಳಿಗೆ ನಷ್ಟವೇನೂ ಆಗದು. ನಾವು ಹೋಗುತ್ತಿರುವುದೇ ದ್ವೀಪದ ಕಲ್ಲುಕಂಬಗಳಿಗಾಗಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಅಲ್ಲಿ ಕಂಬಗಳಾಗಿ ನಿಂತಿದೆ. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುತ್ತದಲ್ಲ, ಹಾಗೆಯೇ ಲಾವಾ ತಣ್ಣಗಾಗುತ್ತಾ ಕುಗ್ಗಿ, ಮೇಲಿಂದ ಆಳಕ್ಕೆ ಸೀಳುತ್ತಾ ಹೋಯಿತು. ಕಂಬದ ತಲೆಯ ಮೇಲೆ ಬೆರಳಾಡಿಸಿ ಮೂಲೆ ಎಣಿಸಬಹುದು. ಹೆಚ್ಚಿನವಕ್ಕೆ ಆರು, ಕೆಲವಕ್ಕೆ ಐದು, ಅಪರೂಪಕ್ಕೆ ಏಳು. ಪುಸ್ತಕದ ಚಿತ್ರದಲ್ಲಿ ಇದು ಎಲ್ಲಿ ಸಿಗುತ್ತದೆ? ನೀರಿಂದ ದೂರವಿರುವ ಕಂಬಗಳ ಹತ್ತಿರವೇ ಗುಂಪು ಗುಂಪಾಗಿ ಕೂತು ಚಿತ್ರ ಬರೆಸುತ್ತೇವೆ.

ಮಿನಿ ಬಸ್ ಏಕೆ ಎಂದೂ ಕೇಳಿದ್ದೀರಿ. ಆಗುಂಬೆ ಘಾಟಿಯ ತಿರುವುಗಳಲ್ಲಿ ದೊಡ್ಡ ಬಸ್ ಬಿಡುವುದಿಲ್ಲ, ಅಷ್ಟೇ. ಕಡಲು ಜೋರಿದ್ದು ಮಲ್ಪೆಯಿಂದ ದೋಣಿ ಬಿಡದಿದ್ದರೆ ಪ್ರವಾಸವನ್ನೇ ಮುಂದೂಡುತ್ತೇವೆ.

ನಿಯಮ ಕಠಿಣ ಅನ್ನಿಸಿದರೆ ಬಂದು ಮಾತಾಡಿ, ಶಾಲೆಯ ಬಾಗಿಲು ಯಾವಾಗಲೂ ತೆರೆದಿದೆ. ಆದರೆ ನಿಯಮ ಬದಲಾಗುವುದಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿ, ಮಕ್ಕಳಿಗೆ ಚಪ್ಪಲಿ ಬದಲು ಶೂ ಹಾಕಿಸಿ.

ಇಂತಿ,
ಮುಖ್ಯ ಶಿಕ್ಷಕಿ