ಗೆಳೆಯನಿಗೊಂದು ಪತ್ರ: ಮೇಲಿನ ಕೂಗು, ನೆಲದ ಕೂಗು

ಮಾರಾಯ,

ಮೂರು ಸಲ ಫೋನ್ ಮಾಡಿದ್ದೀಯ, ಮೂರು ಸಲವೂ ನಾನು ಎತ್ತಿಲ್ಲ. ಮುನಿಸು ಬಂದಿರುತ್ತೆ, ಗೊತ್ತು. ನೀನು ಮೊದಲು ಕೇಳೋದೇ "ಕೋಳಿ ಹೇಗಿವೆ?" ಅಂತ. ಅದಕ್ಕೆ ಕೊಡೋ ಉತ್ತರ ನನ್ನ ಹತ್ತಿರ ನೆಟ್ಟಗಿರಲಿಲ್ಲ. ಬರೆದರೆ ಹೇಳಬಹುದೇನೋ ಅನ್ನಿಸಿ ಕೂತಿದ್ದೀನಿ. ಎಲ್ಲರೂ ಓದೋ ಹಾಗೆ ಹಾಕ್ತಿರೋದಕ್ಕೂ ಕಾರಣ ಇದೆ. ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಿಕೊಂಡು, ಆಕಾಶ ನೋಡಿ ಬೈಯೋರು ನಾನೊಬ್ಬನೇ ಅಲ್ಲ. ಅವರ ಕಿವಿಗೂ ಇದು ಬೀಳಲಿ. ಕೊಡೆಯ ವಿಷಯ ಮಾತ್ರ ಇಲ್ಲಿ ಎತ್ತಲ್ಲ, ಹೆದರಬೇಡ.

ಲೆಕ್ಕ ಮೊದಲು ಕೊಡ್ತೀನಿ. ಈಗ ಹೇಂಟೆ ಎಂಟು, ಹುಂಜ ಎರಡು. ಹೇಂಟೆಗಳಲ್ಲಿ ಮೂರು ಗಿರಿರಾಜ, ಉಳಿದವು ಊರ ಕೋಳಿ. ಗಿರಿರಾಜ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ತಳಿ ಅಂತ ನಿನಗೆ ಹಿಂದೊಮ್ಮೆ ಹೇಳಿದ್ದೆ. ವರ್ಷಕ್ಕೆ ನೂರು ದಾಟಿ ಮೊಟ್ಟೆ ಇಡುತ್ತೆ, ಆದರೆ ಕಾವಿಗೆ ಕೂರೋ ಮನಸ್ಸು ಅದಕ್ಕೆ ಕಡಿಮೆ. ಹಾಗಾಗಿ ಅದರ ಮೊಟ್ಟೆಯನ್ನ ಅಮ್ಮನ ಕರಿ ಹೇಂಟೆಯ ಅಡಿಗೆ ಇಟ್ಟೆವು. ಹಳೇ ಮಂಕರಿ, ಒಳಗೆ ಭತ್ತದ ಹುಲ್ಲು, 13 ಮೊಟ್ಟೆ. ಅದು ದಿನಕ್ಕೊಂದು ಸಲ ಎದ್ದು, ನುಚ್ಚು ತಿಂದು, ನೀರು ಕುಡಿದು, ಓಡಿ ಬಂದು ಮತ್ತೆ ಕೂರೋದು. 20ನೇ ದಿನ ಅಮ್ಮ ಒಂದು ಮೊಟ್ಟೆ ತೆಗೆದು ನನ್ನ ಕಿವಿಗೆ ಹಿಡಿದಳು. ಒಳಗಿಂದ ಚಿಂವ್ ಅಂತ ಕೇಳಿಸ್ತು. ಇನ್ನೂ ಚಿಪ್ಪು ಒಡೆದಿಲ್ಲ, ಆಗಲೇ ಕರೀತಿದೆ! ಮಾರನೇ ದಿನ 11 ಮರಿ ಹೊರಗೆ ಬಂದವು. ಆ 11 ಮರಿ ನನ್ನ ತಲೆ ಕೆಡಿಸಿದ್ದಕ್ಕೆ ಆ ಚಿಂವ್ ಸದ್ದೇ ಕಾರಣ ಇರಬೇಕು.

ಏಳನೇ ದಿನ ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಿದೆ. ಪುಸ್ತಕದಲ್ಲಿ ರಾಣಿಖೇತ್ ಅಂತಾರಲ್ಲ, ಅದೇ. ಒಂದು ಸೀಸೆ ಒಡೆದರೆ ನೂರು ಮರಿಗಾಗುವಷ್ಟು ಇರುತ್ತೆ, ಒಡೆದ ಮೇಲೆ ಇಟ್ಟುಕೊಳ್ಳೋ ಹಾಗಿಲ್ಲ. ಅದಕ್ಕೆ ಕೇರಿಯವರೆಲ್ಲ ಬುಟ್ಟಿಯಲ್ಲಿ ಮರಿ ತಂದರು. ನಮ್ಮ ಜಗಲಿ ಮೇಲೆ ಅವತ್ತು ಸಂತೆ. ಮರಿಯ ಕಣ್ಣಿಗೆ ಒಂದು ಹನಿ ಬಿಟ್ಟು, ಅದು ರೆಪ್ಪೆ ಬಡಿಯೋ ತನಕ ಕೈಯಲ್ಲಿ ಹಿಡಿದಿರಬೇಕು. ಎಷ್ಟು ಹಗುರ ಅಂತೀಯ, ಅಂಗೈಯಲ್ಲಿ ಬರೀ ಬಿಸಿ ಇದ್ದ ಹಾಗೆ.

ಒಂಬತ್ತನೇ ದಿನ ಗಿಡುಗ ಬಂತು.

ನಾನು ಅಲ್ಲೇ ಕಾಫಿ ಕಣದ ಅಂಚಿನಲ್ಲಿ ನಿಂತಿದ್ದೆ. ಗಾತ್ರದಲ್ಲಿ ಪಾರಿವಾಳದಷ್ಟೂ ದೊಡ್ಡದಲ್ಲ, ಶಿಕ್ರ ಅಂತಾರೆ. ಸಿಲ್ವರ್ ಓಕ್ ಮರದಿಂದ ಇಳಿದದ್ದು ಕಾಣಲೇ ಇಲ್ಲ, ಏರಿ ಹೋದದ್ದು ಕಂಡಿತು, ಕಾಲಲ್ಲಿ ಹಳದಿ ಬಣ್ಣದ್ದೊಂದು ಇತ್ತು. ಕರಿ ಹೇಂಟೆ ರೆಕ್ಕೆ ಬಿಚ್ಚಿಕೊಂಡು ಮೇಲಕ್ಕೆ ಹಾರಿ ಬಿತ್ತು. ಎರಡು ದಿನ ಬಿಟ್ಟು ಮತ್ತೊಂದು ಮರಿ ಹಾಗೇ ಹೋಯಿತು. ಅದಾದ ಮೇಲೆ ಬೆಳಿಗ್ಗೆ ಎಣಿಸಿದಾಗೆಲ್ಲ ಒಂದೊಂದು ಕಡಿಮೆ. 11 ಇದ್ದದ್ದು ಐದಕ್ಕೆ ಇಳಿಯಿತು.

ಅಷ್ಟೊತ್ತಿಗೆ ನನಗೆ ರೆಕ್ಕೆ ಇರೋದೆಲ್ಲ ವೈರಿಯಾಗಿ ಕಾಣೋಕೆ ಶುರುವಾಗಿತ್ತು. ನುಚ್ಚಿಗೆ ಬರೋ ಗೊರವಂಕ, ಗುಬ್ಬಿ, ಬೇಲಿ ಮೇಲೆ ಕೂರೋ ಕಾಗೆ, ಒಂದನ್ನೂ ಬಿಡಲಿಲ್ಲ. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲೂ ಸಂಡೂರಿನ ಕುರೇಕುಪ್ಪದಲ್ಲೂ ಹಕ್ಕಿಜ್ವರ ಬಂದಾಗ ನೆಂಟರೆಲ್ಲ ಫೋನ್ ಮಾಡಿ ಹೆದರಿಸಿದ್ದರಲ್ಲ, ಆ ಹೆದರಿಕೆಯನ್ನೂ ಇದಕ್ಕೇ ಸೇರಿಸಿಕೊಂಡೆ. ಆ ರೋಗ ಕಾಡುಹಕ್ಕಿಗಳಿಂದ ಬರುತ್ತೆ, ನಿಜ. ಆದರೆ ಗಾಡಿಯ ಚಕ್ರ, ಮೊಟ್ಟೆಯ ಟ್ರೇ, ನಮ್ಮ ಚಪ್ಪಲಿ ಕೂಡ ಅದನ್ನ ಹೊತ್ತು ತರುತ್ತವೆ. ಅಷ್ಟು ಯೋಚನೆ ಮಾಡೋ ಸಹನೆ ಆಗ ನನಗಿರಲಿಲ್ಲ.

ಊರಲ್ಲೊಬ್ಬರು ಸತ್ತ ಮರಿಯ ಹೊಟ್ಟೆಗೆ ತೋಟಕ್ಕೆ ಹಾಕೋ ಹರಳು ಹರಳಾದ ಕೀಟನಾಶಕ ವಿಷ ತುಂಬಿ ಬೇಲಿ ಮೇಲಿಡು ಅಂದರು. ಅದನ್ನ ಮಾಡಲಿಲ್ಲ. ಆ ವಿಷ ಒಂದು ಹಕ್ಕಿಗೇ ನಿಲ್ಲಲ್ಲ, ಸತ್ತ ಹಕ್ಕಿಯನ್ನ ತಿಂದ ನಾಯಿ ಸಾಯುತ್ತೆ, ಇನ್ನೊಂದು ಹದ್ದು ಸಾಯುತ್ತೆ. ಅಲ್ಲದೆ ಹದ್ದು, ಗಿಡುಗ, ಗೂಬೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಕೊಲ್ಲೋದು ಅಪರಾಧ. ವಿಷ ಹಾಕಲಿಲ್ಲ ಅಂತ ನನ್ನ ಬಗ್ಗೆ ನನಗೆ ಸಮಾಧಾನವೂ ಆಗಿತ್ತು. ಸಂತೆಯಿಂದ ಮೀನಿನ ಬಲೆ ತಂದೆ. ತೆಳು ನೈಲಾನ್, ಕಣ್ಣಿಗೆ ಕಾಣದಂಥದ್ದು. ಅಂಗಳದ ಮೇಲೆ ನಾಲ್ಕು ಅಡಿಕೆ ಕಂಬಕ್ಕೆ ಜೋತು ಬಿಟ್ಟೆ. ಬಲೆ ಕಟ್ಟೋದಾದರೆ ದಪ್ಪ ದಾರದ್ದಿರಬೇಕು, ಹಕ್ಕಿಯ ಕಣ್ಣಿಗೆ ಬೀಳೋ ಬಣ್ಣದ್ದಿರಬೇಕು, ತಮಟೆ ಹಾಗೆ ಬಿಗಿಯಾಗಿರಬೇಕು, ಜೋಲು ಬಿಟ್ಟರೆ ಹಕ್ಕಿ ಸಿಕ್ಕಿಹಾಕಿಕೊಳ್ಳುತ್ತೆ ಅನ್ನೋದು ನನಗೆ ಗೊತ್ತಿತ್ತು. ಗೊತ್ತಿದ್ದೇ ಜೋಲು ಬಿಟ್ಟೆ.

ನಾಲ್ಕನೇ ಬೆಳಿಗ್ಗೆ ಬಲೆಯಲ್ಲಿ ಕಣಜ ಗೂಬೆ ತೂಗ್ತಿತ್ತು.

ಸತ್ತು ಬಹಳ ಹೊತ್ತೇನೂ ಆಗಿರಲಿಲ್ಲ, ಮೈ ಇನ್ನೂ ಮೆತ್ತಗಿತ್ತು. ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿ ಬಿಡಿಸಿದೆ, ಅರ್ಧ ಗಂಟೆ ಹಿಡಿಯಿತು. ಗೂಬೆಯನ್ನ ಅಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ ಕಣೋ. ಮುಖ ಅರಳಿ ಎಲೆಯ ಆಕಾರ, ಸುಣ್ಣದ ಬಿಳುಪು. ಬೆನ್ನ ಮೇಲೆ ಜೇನುಬಣ್ಣ, ಅದರ ಮೇಲೆ ಬೂದಿ ಎರಚಿದ ಹಾಗೆ ಚುಕ್ಕೆ. ರೆಕ್ಕೆ ಬಿಡಿಸಿ ನೋಡಿದರೆ, ಮುಂದಿನ ಗರಿಯ ಅಂಚಿನುದ್ದಕ್ಕೂ ಸಣ್ಣ ಬಾಚಣಿಗೆ ಹಲ್ಲು. ಅದರ ದೆಸೆಯಿಂದಲೇ ಗೂಬೆ ಹಾರಿದರೆ ಸದ್ದಾಗೋದಿಲ್ಲ. ನಡುಬೆರಳಿನ ಉಗುರಿನ ಒಳಬದಿಗೂ ಅಂಥದೇ ಹಲ್ಲು, ಗರಿ ಬಾಚಿಕೊಳ್ಳೋದಕ್ಕೆ. ಬಲೆಯ ಎಳೆ ಆ ಹಲ್ಲಿನೊಳಗೇ ಸಿಕ್ಕಿಕೊಂಡಿತ್ತು. ಅದನ್ನ ಬಿಡಿಸೋಕೆ ಆಗಲಿಲ್ಲ, ಎಳೆ ಸಮೇತವೇ ಬಿಟ್ಟೆ.

ನಮ್ಮ ಹಳೇ ಮನೆ ಅಟ್ಟದಲ್ಲಿ ಇದ್ದದ್ದು ಇದೇ ಗೂಬೆ ಇರಬೇಕು. ಅಲ್ಲಿ ನೆಲದ ಮೇಲೆ ಕರಿ ಉಂಡೆ ಬಿದ್ದಿರ್ತಿತ್ತಲ್ಲ, ನೀನು ಒಂದು ಒಡೆದು ನೋಡಿದ್ದೆ, ನೆನಪಿದೆಯಾ? ಒಳಗೆ ಇಲಿಯ ತಲೆಬುರುಡೆ, ಕೂದಲು, ಗೂಬೆ ಅರಗದೆ ಬಾಯಿಂದ ಕಕ್ಕಿದ್ದು. ನನ್ನ ಅಂಗಳಕ್ಕೆ ಅದು ರಾತ್ರಿ ಬರ್ತಿದ್ದದ್ದು ನಾನು ಬಿಟ್ಟ ನುಚ್ಚಿಗೆ ಬರೋ ಇಲಿಗಾಗಿ. ನನ್ನ ಮೊಟ್ಟೆ ಕದಿಯೋ ಇಲಿಗಾಗಿ.

ಇಲ್ಲಿಗೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆಗಲ್ಲ. ಆ ರಾತ್ರಿ ನನಗೆ ಸದ್ದು ಕೇಳಿಸಿತ್ತು. ಎರಡು ಗಂಟೆ ಇರಬಹುದು. ಬಲೆ ಕಂಬಕ್ಕೆ ಬಡೀತಿತ್ತು, ನಡುವೆ ಹಿಸ್ಸ್ ಅಂತ ಒಂದು ಸದ್ದು. ಕತ್ತಲಲ್ಲಿ ಗಿಡುಗ ಹಾರಲ್ಲ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಅಂದರೆ ಸಿಕ್ಕಿರೋದು ಬೇರೆ ಯಾವುದೋ. ಟಾರ್ಚ್ ದಿಂಬಿನ ಪಕ್ಕದಲ್ಲೇ ಇತ್ತು. "ಏನಾದರೂ ಇರಲಿ, ಸಿಕ್ಕಿತಲ್ಲ" ಅಂದುಕೊಂಡು ಮಗ್ಗುಲು ಬದಲಿಸಿದೆ. ಸದ್ದು ಬಹಳ ಹೊತ್ತು ಇತ್ತು. ಅದು ನಿಂತ ಮೇಲೆ ನನಗೆ ಒಳ್ಳೇ ನಿದ್ದೆ ಬಂತು. ಆ ನಿದ್ದೆಯನ್ನ ಈಗಲೂ ಮರೆಯೋಕೆ ಆಗ್ತಿಲ್ಲ. ಅಮ್ಮನಿಗೆ ಹೇಳಿಲ್ಲ. ಅವಳು ಏಳೋ ಮುಂಚೆ ಹಲಸಿನ ಬುಡದಲ್ಲಿ ಹೂತು, ಬಲೆ ಸುತ್ತಿ ಕೊಟ್ಟಿಗೆಯಲ್ಲಿಟ್ಟೆ. ಈಗ ಇದನ್ನ ಓದಿ ಯಾರಾದರೂ ಅವಳಿಗೆ ಹೇಳ್ತಾರೆ, ಹೇಳಲಿ.

ಬಲೆ ಎಲ್ಲಿ ಹೋಯಿತು ಅಂತ ಅಮ್ಮ ಕೇಳಲಿಲ್ಲ. ಎರಡು ದಿನ ಬಿಟ್ಟು ಕಾಫಿ ಲೋಟ ಕೊಡ್ತಾ ಅಂದಳು: "ನೀನು ಮೇಲೇ ನೋಡ್ತೀಯ. ಹೇಂಟೆ ಏನು ಹೇಳುತ್ತೆ ಅಂತ ಕೇಳಿದ್ದೀಯಾ? ಮೇಲಿಂದ ಬಂದರೆ ಒಂದು ಕೂಗು, ನೆಲದಿಂದ ಬಂದರೆ ಇನ್ನೊಂದು." ಅವತ್ತಿಂದ ಕಿವಿಗೊಟ್ಟು ಕೂತೆ. ಹದ್ದಿನ ನೆರಳು ಕಂಡರೆ ಒಂದೇ ಉದ್ದನೆಯ ಕಿರುಚು, ಮರಿಗಳು ಇದ್ದಲ್ಲೇ ಅಡಗುತ್ತವೆ. ನೆಲದ ಪ್ರಾಣಿಯಾದರೆ ಕತ್ತು ನೀಳ ಮಾಡಿ ಕೊಕ್ ಕೊಕ್ ಕೊಕ್ ಅಂತ ಬಿಡದೆ ಕೂಗು. ನಸುಕಿನಲ್ಲಿ ಕೇಳ್ತಿದ್ದದ್ದೆಲ್ಲ ಎರಡನೇದು. ಮೂರನೇ ದಿನ ಕೋಳಿ ಒಡ್ಡಿಯ ಹಿಂದಿನ ಕಲ್ಲುಗುಪ್ಪೆಯಿಂದ ಮುಂಗುಸಿ ಬಂದದ್ದು ಕಣ್ಣಾರೆ ಕಂಡೆ. ಗಿಡುಗ ಒಯ್ದದ್ದು ಎರಡು, ಅದು ನಾನೇ ನೋಡಿದ್ದು. ಉಳಿದ ನಾಲ್ಕನ್ನೂ ನೋಡದೆಯೇ ಅದರ ತಲೆಗೆ ಕಟ್ಟಿದ್ದೆ.

ಈಗ ಏನು ಮಾಡಿದ್ದೀನಿ ಅಂದರೆ, ಮರಿಗಳಿಗೆ ಆರು ವಾರ ಆಗೋ ತನಕ ಸಣ್ಣ ಕಣ್ಣಿನ ತಂತಿ ಜಾಲರಿಯ ಗೂಡು. ಮೇಲೂ ಬಿಗಿ, ಸುತ್ತ ನೆಲದೊಳಕ್ಕೂ ಒಂದು ಅಡಿ ಇಳಿಸಿದ್ದೀನಿ. ನುಚ್ಚು ಇಡೀ ದಿನ ಹರಡಿರೋದಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಸೂರಿನ ಅಡಿಯಲ್ಲೇ ಹಾಕಿ, ಉಳಿದದ್ದನ್ನ ಎತ್ತಿಡ್ತೀನಿ. ಗೊರವಂಕ, ಗುಬ್ಬಿ ತಾವಾಗೇ ಕಡಿಮೆಯಾದವು, ಯಾರನ್ನೂ ಓಡಿಸಬೇಕಾಗಲಿಲ್ಲ. ದೊಡ್ಡ ಕೋಳಿಗಳನ್ನ ಕಾಫಿ ಗಿಡದ ಅಡಿಗೆ ಬಿಡ್ತೀನಿ, ಅಲ್ಲಿ ಮೇಲೆ ಮರೆ, ಕೆಳಗೆ ದರಗು, ಕೆದಕೋಕೆ ಬೇಕಾದಷ್ಟು. ಇಲಿ ಮಾತ್ರ ಜಾಸ್ತಿಯಾಗಿದೆ. ಅಟ್ಟದಲ್ಲಿ ಹೊಸ ಉಂಡೆ ಬಿದ್ದಿದೆಯಾ ಅಂತ ವಾರಕ್ಕೊಮ್ಮೆ ಹತ್ತಿ ನೋಡ್ತೀನಿ. ಇಲ್ಲಿ ತನಕ ಇಲ್ಲ.

ಸಾಕು ಬಿಡು, ನಿನಗೆ ಊಟ ಸೇರದ ಹಾಗೆ ಮಾಡಿದೆ. ಸಂತೋಷದ ಸುದ್ದಿ ಕೇಳು. ಅಂಗಳದ ತುದಿಯ ಹಾಲುವಾಣ ಮರದಲ್ಲಿ ಕಾಜಾಣ ಗೂಡು ಕಟ್ಟಿದೆ. ಮುಷ್ಟಿಯಷ್ಟಿಲ್ಲ, ಆದರೆ ಹದ್ದು ಬರಲಿ ಕಾಗೆ ಬರಲಿ ಬೆನ್ನಿನ ಮೇಲೇ ಎರಗಿ ಗಡಿ ದಾಟಿಸಿ ಬರುತ್ತೆ. ಅದರ ಮರದ ಕೆಳಗೇ ಕರಿ ಹೇಂಟೆ ತನ್ನ ಐದನ್ನ ಕರಕೊಂಡು ಹೋಗುತ್ತೆ. ಅದಕ್ಕೆ ಯಾರು ಹೇಳಿಕೊಟ್ಟರೋ! ನಿನ್ನ ಹೆಸರಿನ ಹುಂಜ ಮೊಬೈಲ್ ಬೆಳಕು ಕಂಡರೂ ಬೆಳಗಾಯಿತು ಅಂತ ಕೂಗುತ್ತೆ, ಅಮ್ಮ ದಿನಾ ನಿನ್ನ ಹೆಸರು ಹಿಡಿದು ಗದರಿಸ್ತಾಳೆ.

ಮಳೆ ಹಿಡಿಯೋ ಮುಂಚೆ ಬಾ. ಗಿರಿರಾಜನ ಮೊಟ್ಟೆ ಎರಡು ಡಜನ್ ಎತ್ತಿಟ್ಟಿದ್ದೀನಿ. ಎಂಟೂವರೆ ಬಸ್ಸಿಗೇ ಬಾ, ಕಿಟಕಿ ಸೀಟು ಬೇಡ, ಯಾಕೆ ಅಂತ ನಿನಗೆ ಗೊತ್ತು. ಬರುವಾಗ ಕೊಡೆ ತಾ. ಮೇಷ್ಟ್ರದ್ದಲ್ಲ, ನಿನ್ನದು.

ನಿನ್ನವ