ಐವತ್ತು ಪಾಯಿಂಟಿನ ಚೇಂಬರ್ಲೇನ್ ನನಗೆ ಬೇಡ ಅಂದೆ

ಫಿಲಡೆಲ್ಫಿಯಾ
ಭಾನುವಾರ, ಸಂಜೆ

ಪ್ರೀತಿಯ ಪುಟ್ಟ,

ನಾನು ಇಲ್ಲಿ ಕ್ಷೇಮ. ಅಲ್ಲಿ ನೀವೆಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಮ್ಮನ ಮಂಡಿನೋವು ಹೇಗಿದೆ? ಫೋನಿನಲ್ಲಿ ಕೇಳಿದರೆ "ಏನೂ ಇಲ್ಲ, ಆರಾಮಾಗಿದ್ದೀನಿ" ಅಂತಲೇ ಹೇಳುತ್ತಾಳೆ. ಅದಕ್ಕೇ ನಿನ್ನನ್ನು ಕೇಳುತ್ತಿರುವುದು. ಈ ಕಾಗದವನ್ನು ಅಪ್ಪನಿಗೂ ಓದಿ ಹೇಳು. ಅವರಿಗೆ ಬೇಕಾದ ಒಂದು ವಿಷಯ ಮಧ್ಯದಲ್ಲಿ ಎಲ್ಲೋ ಬರುತ್ತೆ.

ಮೊನ್ನೆ ಫೋನಿನಲ್ಲಿ "ಅದೇನೋ ಹಳೇ ಬ್ಯಾಸ್ಕೆಟ್‌ಬಾಲ್ ಟೀಮ್ ಕಟ್ಟಿದೆ ಅಂದೆಯಲ್ಲ, ಯಾರ್ಯಾರು?" ಅಂತ ಕೇಳಿದೆ. ಅದು ಫೋನಿನಲ್ಲಿ ಹೇಳಿ ಮುಗಿಯುವ ಕಥೆ ಅಲ್ಲ. ಐಪಿಎಲ್ ಬಂದಾಗ ನೀನು ಮೊಬೈಲ್ ಹಿಡಿದು ಹನ್ನೊಂದು ಜನರ ಟೀಮ್ ಕಟ್ಟುತ್ತಾ ಕೂರುತ್ತಿದ್ದೆಯಲ್ಲ, ಹೆಚ್ಚುಕಡಿಮೆ ಅದೇ ಆಟ. ಆದರೆ ನಾಳೆ ನಡೆಯುವ ಪಂದ್ಯಕ್ಕಲ್ಲ, ಅರವತ್ತರ ದಶಕದ ಎನ್‌ಬಿಎಗೆ, ಅಂದರೆ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗಿಗೆ. ಹೊರಗೆ ಹಿಮ ಬಿದ್ದು ಎಲ್ಲೂ ಹೋಗುವ ಹಾಗಿರಲಿಲ್ಲ. ಆಫೀಸಿನ ನಾಲ್ಕು ಜನ ಒಬ್ಬರ ಮನೆಯಲ್ಲಿ ಸೇರಿ ಕೂತೆವು. ಅಮ್ಮ ಕಳಿಸಿದ ಕೋಡುಬಳೆ ಅವತ್ತೇ ಖಾಲಿ.

ನಿಯಮ ಹೀಗಿತ್ತು. 1959–60ರಿಂದ 1968–69ರವರೆಗಿನ ಸೀಸನ್‌ಗಳು ಮಾತ್ರ. ಒಬ್ಬೊಬ್ಬರಿಗೆ ಐದು ಆಟಗಾರರು: ಇಬ್ಬರು ಗಾರ್ಡ್ (ಚೆಂಡು ನಡೆಸುವವರು), ಇಬ್ಬರು ಫಾರ್ವರ್ಡ್ (ಮುಂದೆ ಆಡುವವರು), ಒಬ್ಬ ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದವನು). ಆಟಗಾರನನ್ನು ಆರಿಸಿದರೆ ಸಾಲದು, ಅವನ ಯಾವ ಸೀಸನ್ ಬೇಕು ಅಂತಲೂ ಹೇಳಬೇಕು. ಆ ಸೀಸನ್ನಿನ ಸರಾಸರಿಗಳೇ ನಿನ್ನ ಆಸ್ತಿ. ಆಮೇಲೆ ಪಾಯಿಂಟ್, ರೀಬೌಂಡ್ (ಬುಟ್ಟಿ ತಪ್ಪಿದ ಚೆಂಡನ್ನು ಹಿಡಿಯುವುದು), ಅಸಿಸ್ಟ್ (ಬುಟ್ಟಿಗೆ ಹಾಕುವವನಿಗೆ ಪಾಸ್ ಕೊಡುವುದು), ಫೀಲ್ಡ್ ಗೋಲ್ ಶೇಕಡಾ (ಆಟದ ಮಧ್ಯೆ ಎಸೆದದ್ದರಲ್ಲಿ ಎಷ್ಟು ಬಿತ್ತು), ಫ್ರೀ ಥ್ರೋ ಶೇಕಡಾ (ಫೌಲ್ ಆದಾಗ ಸಿಗುವ ಎಸೆತಗಳಲ್ಲಿ ಎಷ್ಟು ಬಿತ್ತು), ಈ ಐದರಲ್ಲಿ ಒಬ್ಬೊಬ್ಬರ ಎದುರು ಒಬ್ಬೊಬ್ಬರನ್ನು ಇಟ್ಟು ನೋಡುವುದು. ಮೂರರಲ್ಲಿ ಮುಂದಿದ್ದರೆ ಗೆದ್ದ ಹಾಗೆ.

ಐದೇ ಯಾಕೆ ಅಂತ ನೀನು ಕೇಳುತ್ತೀಯ. ಈಗ ಹೀಗೆ ಟೀಮ್ ಕಟ್ಟಿ ಆಡುವ ಫ್ಯಾಂಟಸಿ ಲೀಗ್‌ಗಳಲ್ಲಿ ಸಾಮಾನ್ಯವಾಗಿ ಒಂಬತ್ತು ಇರುತ್ತವೆ. ಆದರೆ ಆ ಕಾಲದಲ್ಲಿ ಉಳಿದವನ್ನು ಯಾರೂ ಬರೆದಿಡುತ್ತಲೇ ಇರಲಿಲ್ಲ ಕಣೋ. ಎನ್‌ಬಿಎ ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು) ಮತ್ತು ಬ್ಲಾಕ್ (ಅವರ ಎಸೆತ ತಡೆಯುವುದು) ಲೆಕ್ಕ ಇಡಲು ಶುರು ಮಾಡಿದ್ದು 1973–74ರಲ್ಲಿ. ಟರ್ನ್‌ಓವರ್ (ಚೆಂಡನ್ನು ಎದುರಾಳಿಗೆ ಕಳೆದುಕೊಳ್ಳುವುದು) ಲೆಕ್ಕ 1977–78ರಿಂದ. ದೂರದಿಂದ ಹಾಕಿದರೆ ಮೂರು ಪಾಯಿಂಟ್ ಕೊಡುವ ಗೆರೆ ಬಂದದ್ದೇ 1979–80ಕ್ಕೆ. ಲೇಕರ್ಸ್ ತಂಡದ ಜೆರ್ರಿ ವೆಸ್ಟ್ 1970ರ ಫೈನಲ್ಸ್‌ನಲ್ಲಿ ಸುಮಾರು 60 ಅಡಿ ದೂರದಿಂದ, ಕೊನೇ ಕ್ಷಣದಲ್ಲಿ ಎಸೆದ ಚೆಂಡು ನೇರ ಬುಟ್ಟಿಗೆ ಬಿತ್ತು. ಸಿಕ್ಕಿದ್ದು ಎರಡೇ ಪಾಯಿಂಟ್. ಪಂದ್ಯ ಸಮ ಆಯಿತು, ಹೆಚ್ಚುವರಿ ಸಮಯದಲ್ಲಿ ಲೇಕರ್ಸ್ ಸೋತರು. ಪಾಪ ಅನ್ನಿಸುತ್ತೆ.

ಇನ್ನೊಂದು ವಿಷಯ ತಲೆಯಲ್ಲಿ ಇಟ್ಟುಕೋ. ಆಗಿನ ಅಂಕಿಗಳು ಈಗಿನವರಿಗೆ ಹುಚ್ಚು ಅನ್ನಿಸುತ್ತವೆ, ಅದಕ್ಕೆ ಕಾರಣ ಇದೆ. 1954ರಲ್ಲಿ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು ಅನ್ನುವ ಗಡಿಯಾರ ಬಂದ ಮೇಲೆ ಆಟ ಓಟ ಆಗಿಬಿಟ್ಟಿತ್ತು. 1961–62ರಲ್ಲಿ ಒಂದೊಂದು ತಂಡ ಪಂದ್ಯಕ್ಕೆ ನೂರಕ್ಕೂ ಜಾಸ್ತಿ ಸಲ ಬುಟ್ಟಿಗೆ ಎಸೆಯುತ್ತಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪುತ್ತಿತ್ತು. ತಪ್ಪಿದ ಪ್ರತಿ ಚೆಂಡೂ ಯಾರಿಗೋ ಒಬ್ಬರಿಗೆ ರೀಬೌಂಡ್ ತಾನೇ? ಹಾಗಾಗಿ ಪಂದ್ಯಕ್ಕೆ 20 ರೀಬೌಂಡ್ ಅಂದರೆ ಆಗ ಒಳ್ಳೆಯ ಸೆಂಟರ್‌ಗಳಿಗೆ ದಕ್ಕುವ ಮಾತು. ಇಡೀ ಲೀಗಿನಲ್ಲಿ ಇದ್ದದ್ದೇ ಒಂಬತ್ತು ತಂಡ.

ಚೀಟಿ ಎತ್ತಿದಾಗ ಮೊದಲ ಸರದಿ ನನಗೆ ಬಂತು. ಸ್ನೇಕ್ ಡ್ರಾಫ್ಟ್ ಅಂತಾರೆ ಇದಕ್ಕೆ. ಒಂದರಿಂದ ನಾಲ್ಕಕ್ಕೆ ಹೋಗಿ, ನಾಲ್ಕನೆಯವರು ಎರಡು ಆರಿಸಿ, ಮತ್ತೆ ಒಂದಕ್ಕೆ ವಾಪಸ್. ಅಂದರೆ ನನಗೆ ಮೊದಲನೆಯದು ಸಿಕ್ಕ ಮೇಲೆ ಎಂಟು ಮತ್ತು ಒಂಬತ್ತರವರೆಗೆ ಕಾಯಬೇಕು.

ಮೊದಲು ಯಾರು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ವಿಲ್ಟ್ ಚೇಂಬರ್ಲೇನ್. ಇದೇ ಫಿಲಡೆಲ್ಫಿಯಾದ ಹುಡುಗ, ಇಲ್ಲಿನ ಓವರ್‌ಬ್ರೂಕ್ ಹೈಸ್ಕೂಲಿನಲ್ಲಿ ಓದಿದವನು. 1961–62ರಲ್ಲಿ ಅವನ ಸರಾಸರಿ 50.4 ಪಾಯಿಂಟ್, 25.7 ರೀಬೌಂಡ್. ಪಂದ್ಯ ಇರುವುದು 48 ನಿಮಿಷ, ಅವನು ಸರಾಸರಿ ಆಡಿದ್ದು 48.5 ನಿಮಿಷ! ಹೆಚ್ಚುವರಿ ಸಮಯವೂ ಸೇರಿತ್ತಲ್ಲ, ಹಾಗೆ. ಅದೇ ಸೀಸನ್ನಿನಲ್ಲಿ, 1962ರ ಮಾರ್ಚ್ 2ರಂದು ಹರ್ಷಿಯಲ್ಲಿ ನ್ಯೂಯಾರ್ಕ್ ವಿರುದ್ಧ ಒಬ್ಬನೇ 100 ಪಾಯಿಂಟ್ ಹೊಡೆದ.

ಹರ್ಷಿ ಅಂದರೆ ಅದೇ, ಚಾಕೊಲೇಟ್ ಊರು. ಹೋದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದೆ, ಫೋಟೊ ಕಳಿಸಿದ್ದೆನಲ್ಲ, ಬೀದಿ ದೀಪಗಳೂ ಚಾಕೊಲೇಟ್ ಆಕಾರದಲ್ಲಿದ್ದವು. ಆಗಿನ ತಂಡಗಳು ಹೊಸ ಜನರನ್ನು ಸೆಳೆಯೋಕೆ ಕೆಲವು ಪಂದ್ಯಗಳನ್ನು ಇಂಥ ಸಣ್ಣ ಊರುಗಳಲ್ಲಿ ಆಡುತ್ತಿದ್ದವು. ಅವತ್ತು ನೋಡಲು ಬಂದವರು 4,124 ಜನ. ಟಿವಿ ಇರಲಿಲ್ಲ, ವಿಡಿಯೊ ಇಲ್ಲ. ಉಳಿದಿರುವುದು ಕೊನೆಯ ಕ್ವಾರ್ಟರ್‌ನ ರೇಡಿಯೊ ಧ್ವನಿ, ಮತ್ತೆ "100" ಅಂತ ಬರೆದ ಕಾಗದ ಹಿಡಿದು ಕೂತ ವಿಲ್ಟ್‌ನ ಆ ಫೋಟೊ. ಕೊನೆಕೊನೆಗೆ ಅದು ಪಂದ್ಯವಾಗಿ ಉಳಿದಿರಲಿಲ್ಲ. ಅವನ ಕೈಗೆ ಚೆಂಡು ಹೋಗಬಾರದು ಅಂತ ನ್ಯೂಯಾರ್ಕಿನವರು ಉಳಿದವರ ಮೇಲೆ ಫೌಲ್ ಮಾಡುತ್ತಿದ್ದರು. ಚೆಂಡು ಬೇಗ ವಾಪಸ್ ಬರಲಿ ಅಂತ ವಿಲ್ಟ್ ಕಡೆಯವರೂ ಅವರ ಮೇಲೆ ಫೌಲ್. 169–147ಕ್ಕೆ ಮುಗಿಯಿತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಆ ವರ್ಷದ ವಿಲ್ಟ್‌ನನ್ನು ತೆಗೆದುಕೊಳ್ಳಲಿಲ್ಲ. "1966–67ರ ಚೇಂಬರ್ಲೇನ್" ಅಂದೆ. ಎದುರಿಗಿದ್ದ ಹೈದರಾಬಾದಿನ ಹುಡುಗ ನಕ್ಕೇಬಿಟ್ಟ. ಅವನು ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಕೂಡಿ ಕಳೆದು ತಂದಿದ್ದ. "ಪಂದ್ಯಕ್ಕೆ 26 ಪಾಯಿಂಟ್ ಸುಮ್ನೆ ಬಿಟ್ಟುಕೊಡ್ತಿದೀಯಲ್ಲ ಅಕ್ಕಾ!" ಅಂದ.

ನಿಜ, 1966–67ರಲ್ಲಿ ವಿಲ್ಟ್ ಸರಾಸರಿ 24.1 ಪಾಯಿಂಟ್ ಮಾತ್ರ. ಆದರೆ ಉಳಿದದ್ದು ನೋಡು. ರೀಬೌಂಡ್ 24.2, ಹೆಚ್ಚುಕಡಿಮೆ ಹಾಗೇ ಇದೆ. ಅಸಿಸ್ಟ್ 2.4 ಇದ್ದದ್ದು 7.8 ಆಗಿದೆ. ಅದೂ ಸೆಂಟರ್‌ಗೆ! ಫೀಲ್ಡ್ ಗೋಲ್ ಶೇ. 50.6 ಇದ್ದದ್ದು ಶೇ. 68.3ಕ್ಕೆ ಏರಿದೆ. ಆ ಫೆಬ್ರುವರಿಯಲ್ಲಿ ಒಂದೂ ತಪ್ಪದೆ ಸತತ 35 ಸಲ ಬುಟ್ಟಿಗೆ ಹಾಕಿದ್ದ. ಪಾಯಿಂಟ್ ಒಂದೇ ಕೈಬಿಟ್ಟರೆ ಎರಡು ಲೆಕ್ಕ ನನ್ನ ಕಡೆ ವಾಲುತ್ತವೆ. ಐದರಲ್ಲಿ ಮೂರು ಸಾಕು ಅಂದ ಮೇಲೆ ಇದರಲ್ಲಿ ಯೋಚನೆ ಮಾಡೋದು ಏನಿದೆ?

ಫ್ರೀ ಥ್ರೋ ವಿಷಯ ಕೇಳಬೇಡ. ಆ ವರ್ಷ ಶೇ. 44. ಫ್ಯಾಂಟಸಿ ಆಡುವವರು ಇಂಥದ್ದಕ್ಕೆ ಪಂಟ್ ಮಾಡೋದು ಅಂತಾರೆ: ಒಂದು ಲೆಕ್ಕವನ್ನು ಬೇಕಂತಲೇ ಸೋತು ಉಳಿದವನ್ನು ಗೆಲ್ಲುವುದು. ತಮಾಷೆ ಏನು ಗೊತ್ತಾ? 1961–62ರಲ್ಲಿ ವಿಲ್ಟ್ ಎರಡೂ ಕೈಯಲ್ಲಿ ಚೆಂಡು ಹಿಡಿದು ಮಂಡಿಯ ಹತ್ತಿರದಿಂದ ಮೇಲಕ್ಕೆ ಎಸೆಯುತ್ತಿದ್ದ. ಹರ್ಷಿಯಲ್ಲಿ 32ಕ್ಕೆ 28 ಬಿದ್ದವು. ಆಮೇಲೆ ಅದು ನೋಡೋಕೆ ಚೆನ್ನಾಗಿಲ್ಲ ಅಂತ ಬಿಟ್ಟುಬಿಟ್ಟ. ಅದೇ ಕಾಲದ ಇನ್ನೊಬ್ಬ ಆಟಗಾರ ರಿಕ್ ಬ್ಯಾರಿ ಬಿಡಲಿಲ್ಲ. ಯಾರು ನಕ್ಕರೂ ಹಾಗೇ ಎಸೆದ, 1966–67ರಲ್ಲಿ ಶೇ. 88ರಷ್ಟು ಬೀಳಿಸಿದ. ನಮ್ಮ ಕಾಲೇಜಿನ ಸಿಮೆಂಟ್ ಕೋರ್ಟಿನಲ್ಲಿ ನಾನು ಹಾಗೆ ಎಸೆದಿದ್ದರೆ ಕೋಚ್ ಸರ್ ಮನೆಗೆ ಕಳಿಸುತ್ತಿದ್ದರು!

ಹೈದರಾಬಾದಿನವನು ಎರಡನೆಯ ಸರದಿಗೆ ಆಸ್ಕರ್ ರಾಬರ್ಟ್‌ಸನ್‌ನನ್ನು ಎತ್ತಿದ, 1961–62. ನನಗೆ ಹೊಟ್ಟೆ ಉರಿಯಿತು. 30.8 ಪಾಯಿಂಟ್, 12.5 ರೀಬೌಂಡ್, 11.4 ಅಸಿಸ್ಟ್. ಸೀಸನ್ ಪೂರ್ತಿ ಮೂರರಲ್ಲೂ ಎರಡಂಕಿ ಸರಾಸರಿ. ಫ್ರೀ ಥ್ರೋ ಕೂಡ ಶೇ. 80. ಪಂಟ್ ಗಿಂಟ್ ಏನೂ ಬೇಡ, ಐದು ಲೆಕ್ಕಕ್ಕೂ ಆಗುವ ಒಬ್ಬನೇ ಗಾರ್ಡ್.

ಮೂರನೆಯವಳು ಬಾಸ್ಟನ್ನಿನಲ್ಲಿ ಬೆಳೆದವಳು. ಕಣ್ಣು ಮುಚ್ಚಿ ಬಿಲ್ ರಸೆಲ್ ಅಂದಳು. ಇಲ್ಲಿಂದ ಅಪ್ಪನಿಗೆ ಜೋರಾಗಿ ಓದು. ರಸೆಲ್ 13 ಸೀಸನ್ ಆಡಿ 11 ಚಾಂಪಿಯನ್‌ಶಿಪ್ ಗೆದ್ದವನು. ಕೊನೆಯ ಎರಡನ್ನು ತಾನೇ ಆಟಗಾರ, ತಾನೇ ಕೋಚ್ ಆಗಿ ಗೆದ್ದ. ಎನ್‌ಬಿಎಯ ಮೊದಲ ಕಪ್ಪು ಕೋಚ್ ಅವನೇ. ಆದರೆ ನಮ್ಮ ಐದು ಲೆಕ್ಕದಲ್ಲಿ ಅವನನ್ನು ಹಾಕಿ ನೋಡಿದರೆ ರೀಬೌಂಡ್ ಬಿಟ್ಟು ಏನೂ ಕಾಣಿಸುವುದಿಲ್ಲ. ಜೀವಮಾನದ ಸರಾಸರಿ 15.1 ಪಾಯಿಂಟ್. ಫೀಲ್ಡ್ ಗೋಲ್ ಶೇ. 44. ಫ್ರೀ ಥ್ರೋ ಶೇ. 56. ಅವನ ಆಟ ಇದ್ದದ್ದು ತಡೆಯುವುದರಲ್ಲಿ. ಎದುರಾಳಿಯ ಚೆಂಡನ್ನು ಜೋರಾಗಿ ಹೊಡೆದು ಗ್ಯಾಲರಿಗೆ ಕಳಿಸುತ್ತಿರಲಿಲ್ಲ. ಮೆತ್ತಗೆ ತಟ್ಟಿ ತನ್ನವರ ಕೈಗೇ ಬೀಳಿಸುತ್ತಿದ್ದ, ಅಲ್ಲಿಂದ ಬಾಸ್ಟನ್ನಿನವರು ಓಡುತ್ತಿದ್ದರು. ಅದೊಂದೂ ಕಾಗದದ ಮೇಲೆ ಇಲ್ಲ. ಅಪ್ಪ ಏಕನಾಥ್ ಸೋಲ್ಕರ್ ಬಗ್ಗೆ ಹೇಳುತ್ತಿರುತ್ತಾರಲ್ಲ, ಪ್ರಸನ್ನ, ಚಂದ್ರಶೇಖರ್ ಬೌಲಿಂಗಿಗೆ ಹೆಲ್ಮೆಟ್ ಇಲ್ಲದೆ ಫಾರ್ವರ್ಡ್ ಶಾರ್ಟ್ ಲೆಗ್‌ನಲ್ಲಿ ನಿಲ್ಲುತ್ತಿದ್ದವರು, 27 ಟೆಸ್ಟಿನಲ್ಲಿ 53 ಕ್ಯಾಚ್ ಹಿಡಿದವರು. ಬ್ಯಾಟಿಂಗ್ ಸರಾಸರಿ 25 ಅಂತ ನೋಡಿ ಅವರನ್ನು ಟೀಮಿನಿಂದ ಬಿಟ್ಟರೆ ಹೇಗಿರುತ್ತೆ? ರಸೆಲ್ ಕಥೆಯೂ ಅದೇ.

ಇದು ನಾವೀಗ ಕೂತು ಹೇಳುವ ಮಾತಲ್ಲ. 1961–62ರಲ್ಲಿ ವಿಲ್ಟ್ 50 ಹೊಡೆದ, ಆಸ್ಕರ್ ಮೂರರಲ್ಲೂ ಎರಡಂಕಿ ಮಾಡಿದ. ಆ ವರ್ಷದ ಎಂವಿಪಿ, ಅಂದರೆ ಲೀಗಿನ ಅತ್ಯುತ್ತಮ ಆಟಗಾರ, ಯಾರು? ರಸೆಲ್. ಆಗ ವೋಟು ಹಾಕುತ್ತಿದ್ದವರು ಪತ್ರಕರ್ತರಲ್ಲ, ಆಟಗಾರರೇ. ದಿನಾ ಅವರೆದುರು ಆಡಿ ಮೈಕೈ ನೋಯಿಸಿಕೊಂಡವರು ರಸೆಲ್‌ಗೆ ಮೊದಲ ಸ್ಥಾನ, ವಿಲ್ಟ್‌ಗೆ ಎರಡು, ಆಸ್ಕರ್‌ಗೆ ಮೂರು ಕೊಟ್ಟರು.

ನಾಲ್ಕನೆಯವರು ನಮ್ಮ ಹಿರಿಯ ಸಹೋದ್ಯೋಗಿ, ಇದೇ ಊರಿನವರು. ನಾನು 1967ರ ವಿಲ್ಟ್ ಅಂದಾಗ ಮೇಜು ಕುಟ್ಟಿ ಖುಷಿಪಟ್ಟದ್ದು ಅವರೊಬ್ಬರೇ. ಆ ವರ್ಷದ ಫಿಲಡೆಲ್ಫಿಯಾ ತಂಡ 68 ಗೆದ್ದು 13 ಸೋತಿತ್ತು. ಸತತ ಎಂಟು ವರ್ಷ ಚಾಂಪಿಯನ್ ಆಗಿದ್ದ ಬಾಸ್ಟನ್ನನ್ನು 4–1ಕ್ಕೆ ಹೊರಗೆ ಹಾಕಿ, ಕಪ್ ಗೆದ್ದಿತು. ವಿಲ್ಟ್‌ಗೆ ಅದೇ ಮೊದಲ ಕಪ್. ಐವತ್ತು ಹೊಡೆದ ವರ್ಷ ಸಿಗದ್ದು ಇಪ್ಪತ್ನಾಲ್ಕು ಹೊಡೆದ ವರ್ಷ ಸಿಕ್ಕಿತು. ಆಗ ಚಿಕ್ಕ ಹುಡುಗನಾಗಿದ್ದ ಅವರಿಗೆ ಇವತ್ತಿಗೂ ಆ ತಂಡದ ಐದೂ ಜನರ ಹೆಸರು ಬಾಯಿಪಾಠ.

ಅವರು ಒಟ್ಟಿಗೆ ಇಬ್ಬರನ್ನು ಆರಿಸಿದರು. ಒಬ್ಬ 1965–66ರ ಜೆರ್ರಿ ವೆಸ್ಟ್. 31.3 ಪಾಯಿಂಟ್, ಆ ಸೀಸನ್ನಿನಲ್ಲಿ ಅವನು ಬೀಳಿಸಿದ 840 ಫ್ರೀ ಥ್ರೋ ಇವತ್ತಿಗೂ ದಾಖಲೆ. ಇನ್ನೊಬ್ಬ ಎಲ್ಜಿನ್ ಬೇಲರ್, 1961–62. ಇಲ್ಲಿ ದೊಡ್ಡ ಜಗಳ ಆಯಿತು. ಆ ವರ್ಷ ಬೇಲರ್ ಸೈನ್ಯದ ಕರೆಗೆ ಹೋಗಿ ವಾಷಿಂಗ್ಟನ್ ರಾಜ್ಯದ ಶಿಬಿರದಲ್ಲಿದ್ದ. ವಾರಾಂತ್ಯದ ರಜೆ ಸಿಕ್ಕಾಗ ಮಾತ್ರ ವಿಮಾನ ಹತ್ತಿ ಬಂದು ಆಡಿ, ಮತ್ತೆ ಶಿಬಿರಕ್ಕೆ ಓಡುವುದು. ಪ್ರಾಕ್ಟೀಸ್ ಇಲ್ಲ, ಏನಿಲ್ಲ. 80ರಲ್ಲಿ 48 ಪಂದ್ಯ ಆಡಿದ. ಸರಾಸರಿ 38.3 ಪಾಯಿಂಟ್, 18.6 ರೀಬೌಂಡ್! ಇಷ್ಟು ಕಮ್ಮಿ ಪಂದ್ಯ ಆಡಿದ ಸೀಸನ್ ನಡೆಯುತ್ತಾ, ಇಲ್ವಾ? ಹೈದರಾಬಾದಿನವನು ಒಪ್ಪಲೇ ಇಲ್ಲ. ನಾನು ಬೇಲರ್ ಪರ ವೋಟು ಹಾಕಿದೆ, ಹಾಗೆ ಬಂದು ಆಡಿದವನಿಗೆ ಕನಿಷ್ಠ ಪಂದ್ಯದ ಲೆಕ್ಕ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಆಮೇಲೆ ಬಾಸ್ಟನ್ನಿನವಳು ಬಾಬ್ ಪೆಟಿಟ್‌ನನ್ನು, ಹೈದರಾಬಾದಿನವನು ಸೆಂಟರ್ ವಾಲ್ಟ್ ಬೆಲ್ಲಮಿಯನ್ನು ತೆಗೆದುಕೊಂಡರು. ನನ್ನ ಸರದಿ ಬಂದಾಗ ದೊಡ್ಡ ಹೆಸರು ಜಾಸ್ತಿ ಉಳಿದಿರಲಿಲ್ಲ. ಆದರೆ ನನಗೆ ಬೇಕಾದವರು ಇದ್ದರು. ಫಾರ್ವರ್ಡ್ ಜೆರ್ರಿ ಲೂಕಸ್, 1967–68: 19 ರೀಬೌಂಡ್, ಫೀಲ್ಡ್ ಗೋಲ್ ಅರ್ಧಕ್ಕಿಂತ ಮೇಲೆ. ಗಾರ್ಡ್ ಲೆನಿ ವಿಲ್ಕೆನ್ಸ್, ಅದೇ ವರ್ಷ, 8.3 ಅಸಿಸ್ಟ್. ಕೊನೆಯಲ್ಲಿ ಇಬ್ಬರು: ಡೆಟ್ರಾಯಿಟ್‌ನ ಬೈಲಿ ಹೊವೆಲ್, ಮತ್ತೆ 1968–69ರ ವಾಲ್ಟ್ ಫ್ರೇಜಿಯರ್. ಫ್ರೇಜಿಯರ್‌ಗೆ ಅದು ಎರಡನೇ ವರ್ಷ ಅಷ್ಟೇ. 7.9 ಅಸಿಸ್ಟ್, ಗಾರ್ಡ್ ಆಗಿಯೂ ಶೇ. 50 ದಾಟಿದ ಹೊಡೆತ. ಎದುರಿನವರ ಕೈಯಿಂದ ಚೆಂಡು ಕಸಿಯುವುದರಲ್ಲಿ ಅವನಂಥವನು ಇರಲಿಲ್ಲ. ಅದಕ್ಕೂ ನಮ್ಮಲ್ಲಿ ಲೆಕ್ಕ ಇಲ್ಲ ನೋಡು.

ಫೀಲ್ಡ್ ಗೋಲ್‌ನಲ್ಲಿ ನಾನೇ ಮೊದಲು, ಫ್ರೀ ಥ್ರೋದಲ್ಲಿ ನಾನೇ ಕೊನೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ರೀಬೌಂಡ್ ಮತ್ತು ಅಸಿಸ್ಟ್ ಬಗ್ಗೆ ಮಾತ್ರ ಇನ್ನೂ ಜಗಳ ನಡೆಯುತ್ತಿದೆ. ದಶಕದ ಕೊನೆಗೆ ಆಟ ನಿಧಾನ ಆಯಿತು, ಆದ್ದರಿಂದ 1962ರ ಅಂಕಿಗಳನ್ನು ಸ್ವಲ್ಪ ಕಡಿಮೆ ಮಾಡಿ ನೋಡಬೇಕು ಅಂತ ನಾನು. ಆಟ ಆದ ಮೇಲೆ ನಿಯಮ ಬದಲಾಯಿಸ್ತೀಯಾ ಅಂತ ಅವರು. ನನಗಂತೂ ಅನುಮಾನ ಇಲ್ಲ. ಹಾಂ, ಇದು ಅಂಕಿಗಳ ಆಟ ಅಲ್ಲದೆ ನಿಜವಾಗಿ ಒಂದು ಪಂದ್ಯ ಗೆಲ್ಲಬೇಕು ಅಂದಿದ್ದರೆ ಮೊದಲ ಸರದಿಯಲ್ಲೇ ರಸೆಲ್ ಅನ್ನುತ್ತಿದ್ದೆ. ಇದನ್ನು ಬಾಸ್ಟನ್ನಿನವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಈಗ ನಿನಗೊಂದು ಕೆಲಸ. ಮುಂದಿನ ಸಲ 1973–74ರಿಂದ 1978–79ರವರೆಗಿನ ಸೀಸನ್‌ಗಳನ್ನು ಆಡೋಣ ಅಂತ ಮಾತಾಗಿದೆ. ಆಗ ಬ್ಲಾಕ್, ಸ್ಟೀಲ್ ಎರಡೂ ಸೇರಿ ಏಳು ಲೆಕ್ಕ. 1975–76ರ ಕರೀಂ ಅಬ್ದುಲ್ ಜಬ್ಬಾರ್: 27.7 ಪಾಯಿಂಟ್, 16.9 ರೀಬೌಂಡ್, 5 ಅಸಿಸ್ಟ್, 4.1 ಬ್ಲಾಕ್. ಅಥವಾ 1974–75ರ ಬಾಬ್ ಮೆಕಾಡೂ: 34.5 ಪಾಯಿಂಟ್, 14.1 ರೀಬೌಂಡ್, ಫ್ರೀ ಥ್ರೋ ಶೇ. 80. ನಾನು ಕರೀಂ ಅಂತಿದೀನಿ. ನೀನು ಯಾರನ್ನು ಮೊದಲು ಎತ್ತುತ್ತೀಯ, ಯಾಕೆ ಅಂತ ಬರೆದು ಕಳಿಸು. ಸುಮ್ನೆ ಹೆಸರು ಕಳಿಸಿದರೆ ಆಗಲ್ಲ, ಕಾರಣ ಬೇಕು.

ಕೋಡುಬಳೆ ಮುಗಿದಿದೆ ಅಂತ ಅಮ್ಮನಿಗೆ ಹೇಳು. ಆದರೆ ಮಂಡಿನೋವು ಇದ್ದರೆ ಒಲೆ ಮುಂದೆ ನಿಲ್ಲೋದು ಬೇಡ, ಅಂಗಡಿಯದ್ದೇ ಕಳಿಸಿ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ.

ಇಂತಿ ನಿನ್ನ ಪ್ರೀತಿಯ
ಅಕ್ಕ